ಕಣ್ಣು ಬಿಡುವ ಹೊತ್ತು

ಸಾಖಳಿ ದಾಟಿ, ಮುಚ್ಚಿದ ಗಣಿಯ ಗೇಟಿನ ಎದುರು
ತಗಡಿನ ಶೆಡ್ಡು. ಒಳಗೆ ಎರಡು ಕುಲುಮೆ,
ಗಾಜಿನ ಪೆಟ್ಟಿಗೆಯಲ್ಲೊಂದು ತಕ್ಕಡಿ.
ನಾನು ಉಸಿರು ಬಿಟ್ಟರೆ ಅದನ್ನೂ ತೂಗಲು ಹೋಗುತ್ತದೆ.

ಕುಂಕಳ್ಯೇಕಾರ ಬಾಬ ಕಳಿಸಿದ ಚೀಲಗಳು
ಗೋಡೆಗೊರಗಿ ಕೂತಿವೆ, ಬಸ್ಸಿಗೆ ಕಾದವರ ಹಾಗೆ.
ಒಳಗೆಲ್ಲ ಕೆಂಪು ಹುಡಿ. ಅವರಪ್ಪ ಕಬ್ಬಿಣ ಬಗೆದು
ಬಾರ್ಜು ಬಾರ್ಜು ಮಾಂಡವಿಗೆ ಇಳಿಸಿದ ಕಾಲದಲ್ಲಿ
ಬೇಡವೆಂದು ಪಕ್ಕಕ್ಕೆ ಸುರಿದದ್ದು.
ಸುರಿದು ಸುರಿದು ಗುಡ್ಡವಾಗಿ, ಗುಡ್ಡದ ಮೇಲೆ
ಗೇರು ಹುಟ್ಟಿ, ಗೇರಿಗೆ ಹೂವೂ ಬಂದ ಮೇಲೆ
ಈಗ ಯಾರೋ ಮಗನ ಕಿವಿಯಲ್ಲಿ ಊದಿದ್ದಾರೆ:
ಅದರಲ್ಲಿ ಚಿನ್ನ ಇದೆಯಂತೆ.

ಆ ‘ಅಂತೆ’ಯನ್ನು ತೂಗಿ ಕೊಡುವುದು ನಮ್ಮ ಕೆಲಸ.

ಐವತ್ತು ಗ್ರಾಮ್ ಗುಡ್ಡ,
ಸೀಸದ ಹಳದಿ ಹುಡಿ, ಸೋಡಾ, ಬಿಳಿಗಾರ,
ಕೊನೆಗೊಂದು ಚಮಚ ಗೋಧಿ ಹಿಟ್ಟು.
ಮೊದಲ ದಿನ ನಕ್ಕಿದ್ದೆ. ಯಂಕೋಬ ನಗಲಿಲ್ಲ:
‘ಹಿಟ್ಟಿಲ್ದ ಯಾವ ಕೆಲಸ ನಡದೈತಿ, ತಂಗಿ?
ಹಿಟ್ಟು ಸುಟ್ರ ಸೀಸ ಹುಟ್ಟತೈತಿ,
ಇಲ್ಲಾಂದ್ರ ಬರೇ ಗಾಜು.’
ಹಟ್ಟಿಯ ಗಣಿಯಲ್ಲಿ ಇಪ್ಪತ್ತಾರು ವರ್ಷ
ಇಂಥದ್ದೇ ಬಾಗಿಲು ತೆರೆದು ಮುಚ್ಚಿದವನು.
ಹುಬ್ಬು ಎಂದೋ ಹೋಗಿದೆ. ಅಚ್ಚರಿಪಟ್ಟಾಗ
ಹಣೆಯಷ್ಟೇ ಮೇಲೇರುತ್ತದೆ.

ಸಾವಿರದ ಐವತ್ತು ಡಿಗ್ರಿ. ಮೂಸೆಯೊಳಗೆ ಗುಡ್ಡ ಕರಗಿ
ಹಸಿರು ಮಿಶ್ರಿತ ಕಪ್ಪು ಗಂಜಿ.
ಸೀಸದ ಹನಿಗಳು ಅದರ ಉದ್ದಕ್ಕೂ ಮಳೆಯಾಗಿ ಇಳಿದು
ಸಿಕ್ಕ ಸಿಕ್ಕ ಚಿನ್ನವನ್ನು ತಬ್ಬಿ ತಳ ಸೇರುತ್ತವೆ.
ಅಚ್ಚಿಗೆ ಹೊಯ್ದು, ಆರಿಸಿ, ಸುತ್ತಿಗೆಯಿಂದ ತಟ್ಟಿದರೆ
ಕಿಟ್ಟ ಚಿಟಿಲ್ಲನೆ ಸಿಡಿದು ಬೀಳುತ್ತದೆ.
ಗುಡ್ಡದ ತೊಂಬತ್ತೊಂಬತ್ತು ಪಾಲು
ಮತ್ತೆ ಬೇಡವಾದದ್ದು.

ಇನ್ನು ಮೂಳೆಯ ಸರದಿ.
ಫೋಂಡಾದ ಕಸಾಯಿ ಕೊಟ್ಟ ಕುರಿಮೂಳೆ
ಸುಟ್ಟು, ಬೀಸಿ, ನೀರು ಚಿಮುಕಿಸಿ
ಯಂಕೋಬ ಒತ್ತಿದ ಪುಟ್ಟ ಬಟ್ಟಲು, ಹಣತೆಯಷ್ಟೇ.
ಅದರಲ್ಲಿ ಸೀಸದ ಗುಂಡಿ ಇಟ್ಟು ಬೆಂಕಿಗೆ ತಳ್ಳಿದರೆ
ಬಟ್ಟಲು ಸೀಸವನ್ನು ಕುಡಿಯುತ್ತದೆ.
ಚಿನ್ನವನ್ನು ಕುಡಿಯುವುದಿಲ್ಲ.
ಯಾಕೆಂದು ಪುಸ್ತಕದಲ್ಲಿದೆ, ನಾನು ಓದಿದ್ದೇನೆ,
ಆದರೂ ಪ್ರತಿ ಸಲ
ಬಾಯಾರಿದವರ ಮನೆಗೆ ಹೋದ ಹಾಗಾಗುತ್ತದೆ.

ಕೊನೆಯ ಸೀಸ ಇಂಗುವಾಗ ಮಣಿಯ ಮೈಮೇಲೆ
ಬಣ್ಣಗಳು ಗರಗರ ತಿರುಗಿ, ಮಸುಕಾಗಿ, ತಟ್ಟನೆ ಮಿಂಚು.
‘ಕಣ್ಣು ಬಿಡ್ತು’ ಅನ್ನುತ್ತಾನೆ, ಸಣ್ಣ ದನಿಯಲ್ಲಿ,
ಕೂಸು ಮಲಗಿರುವ ಕೋಣೆಯಲ್ಲಿ ನಿಂತವನಂತೆ.

ಮಿಂಚಿದ್ದರಲ್ಲಿ ಬಹುಪಾಲು ನಾವೇ ಹಾಕಿದ ಬೆಳ್ಳಿ.
ಚಿನ್ನ ಅಷ್ಟು ಕಡಿಮೆಯಿದ್ದರೆ ಹಿಡಿಯಲು
ತೂಗಿಟ್ಟ ಬೆಳ್ಳಿಯನ್ನು ಜೊತೆಗೆ ಕಳಿಸಬೇಕು,
ಆಮೇಲೆ ಆಸಿಡ್ಡಿನಲ್ಲಿ ಅದನ್ನು ಕಳೆಯಬೇಕು.
ಉಳಿದದ್ದು ಹದಿನೈದು ಮೈಕ್ರೋಗ್ರಾಮ್.
ಟನ್ನಿಗೆ ಪಾಯಿಂಟ್ ಮೂರು ಗ್ರಾಮ್, ಎಂದು ಬರೆದು ಕಳಿಸಿದೆ.
ಬಾಬ ಫೋನಿನಲ್ಲಿ ತುಸು ಹೊತ್ತು ಸುಮ್ಮನಿದ್ದು,
‘ಇನ್ನೊಮ್ಮೆ ಸುಡಿ’ ಅಂದರು.

ಅದೇ ವಾರ ಬಾಂಬೋಳಿ ಆಸ್ಪತ್ರೆಯಿಂದ
ಯಂಕೋಬನ ರಕ್ತದ ರಿಪೋರ್ಟು ಬಂತು.
ಸೀಸ: ಡೆಸಿಲೀಟರಿಗೆ ಐವತ್ತೆರಡು ಮೈಕ್ರೋಗ್ರಾಮ್.
ಡಾಕ್ಟರು ಮೂಳೆಯ ಮಾತು ಆಡಿದರಂತೆ,
ಅಲ್ಲಿ ಹೋಗಿ ಕೂತದ್ದು ಬೇಗ ಏಳುವುದಿಲ್ಲವೆಂದು.
ಅವನು ಬೆರಳು ಮಡಚಿ ಲೆಕ್ಕ ಹಾಕಿದ,
ಲೀಟರಿಗೆ ತಂದ, ಟನ್ನಿಗೆ ತಂದ.
‘ಅರ್ಧ ಗ್ರಾಮ್ ಬಂತಲ್ಲೇ ತಂಗಿ!
ಬಾಬನ ಗುಡ್ಡಕ್ಕಿಂತ ನಾನೇ ಮೇಲು.’
ಹಣೆ ಮೇಲೇರಿತು. ನಾನು ನಕ್ಕೆನೇನೋ. ನೆನಪಿಲ್ಲ.

ಈಗ ಅವನಿಗೆ ಒಳಗೆ ಬರಲು ಅಪ್ಪಣೆಯಿಲ್ಲ.
ಹೊರಗೆ ನೀರಿನ ಡ್ರಮ್ಮಿನ ಪಕ್ಕ ಕೂತು
ಬಟ್ಟಲು ಒತ್ತುತ್ತಾನೆ, ಮೂಳೆಬೂದಿ ಬೆರಳಿಗಂಟಿ
ಕೈ ಬೆಳ್ಳಗೆ. ನಾನು ಒಳಗೆ, ಮುಖಕ್ಕೆ ಮಾಸ್ಕು ಕಟ್ಟಿ,
ಬಾಬನ ‘ಇನ್ನೊಮ್ಮೆ’ಯನ್ನು ಸುಡುತ್ತಿದ್ದೇನೆ.
ತಗಡಿನಾಚೆಯಿಂದ ಗಳಿಗೆಗೊಮ್ಮೆ ಕೇಳುತ್ತಾನೆ:
‘ಕಣ್ಣು ಬಿಡ್ತೇನು?’

‘ಇನ್ನೂ ಇಲ್ಲ.’